ಓದು ಹತ್ತಲಿಲ್ಲ ಎನ್ನುವ ಮೊದಲು

ಓದಲು ಬಾರದ ಮಗುವಿನ ಬಗ್ಗೆ ನಮ್ಮ ಕಡೆ ಒಂದು ಮಾತಿದೆ: ‘ಅವನಿಗೆ ಓದು ತಲೆಗೆ ಹತ್ತಲಿಲ್ಲ.’ ಭಟ್ಕಳದ ಶಿರಾಲಿಯಿಂದ ಕುಮಟೆಯ ಮಿರ್ಜಾನದವರೆಗೆ ಈ ಮಾತನ್ನು ಎಷ್ಟು ಮನೆಗಳ ಜಗಲಿಯ ಮೇಲೆ ಕೇಳಿದ್ದೇನೋ ಲೆಕ್ಕವಿಲ್ಲ. ಓದೆಂದರೆ ಕಾಳುಮೆಣಸಿನ ಬಳ್ಳಿ, ಕೆಲವು ಮರಕ್ಕೆ ಹತ್ತುತ್ತದೆ, ಕೆಲವಕ್ಕೆ ಹತ್ತುವುದಿಲ್ಲ ಎಂಬಷ್ಟು ಸಲೀಸಾಗಿ ಹೇಳುತ್ತಾರೆ. ಅದರಲ್ಲಿ ಮಗುವಿನ ಮೇಲೆ ಸಿಟ್ಟಿಲ್ಲ, ಮಾಸ್ತರರ ಮೇಲೆ ದೂರಿಲ್ಲ. ಹೇಳಿದವರಿಗೂ ಕೇಳಿದವರಿಗೂ ಒಂಥರಾ ನಿರಾಳ. ಆಮೇಲೆ ಹುಡುಗನಾದರೆ ಬೋಟಿಗೆ ಹೋಗುತ್ತಾನೆ, ಇಲ್ಲವೇ ಗೋವೆಯ ಹೋಟೆಲಿಗೆ. ಹುಡುಗಿಯಾದರೆ ಮನೆಯಲ್ಲೇ ಉಳಿಯುತ್ತಾಳೆ, ಇಲ್ಲವೇ ಗೇರುಬೀಜದ ಫ್ಯಾಕ್ಟರಿಗೆ ಸೇರುತ್ತಾಳೆ. ಹದಿನೈದು ತುಂಬುವುದರೊಳಗೆ ಒಂದು ಬದುಕಿನ ದಾರಿ ತೀರ್ಮಾನವಾಗಿರುತ್ತದೆ. ಆ ತೀರ್ಮಾನದ ಕೆಳಗೆ ಯಾರ ಸಹಿಯೂ ಇರುವುದಿಲ್ಲ.

ಈ ಮೂರು ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಅಕ್ಕೋರಾಗಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಟಿಸಿಎಚ್ ಓದುವಾಗ ನಮಗೆ ಶೈಕ್ಷಣಿಕ ಮನೋವಿಜ್ಞಾನ ಎಂಬ ವಿಷಯವಿತ್ತು. ಥಾರ್ನ್‌ಡೈಕನ ಬೆಕ್ಕು, ಪಾವ್ಲೋವನ ನಾಯಿ, ಕೊಹ್ಲರನ ಚಿಂಪಾಂಜಿ ಎಲ್ಲವೂ ಆ ಪುಸ್ತಕದಲ್ಲಿದ್ದವು. ಮೂರನೆಯ ತರಗತಿಗೆ ಬಂದರೂ ‘ಮ’ ಯಾವುದು, ‘ವು’ ಯಾವುದು ಎಂದು ತಡವರಿಸುವ ಮಗು ಮಾತ್ರ ಇರಲಿಲ್ಲ. ಆ ಮಗುವನ್ನು ನಾವು ಶಾಲೆಗೆ ಬಂದ ಮೇಲೆಯೇ ನೋಡಿದ್ದು.

ಲಂಡನ್ನಿನ ಆಡಳಿತ ತನ್ನ ಶಾಲೆಗಳಿಗಾಗಿ ಸಿರಿಲ್ ಬರ್ಟ್ ಎಂಬವರನ್ನು ಮನೋವಿಜ್ಞಾನಿಯಾಗಿ ನೇಮಿಸಿಕೊಂಡದ್ದು 1913ರಲ್ಲಿ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅಂಥ ಹುದ್ದೆ ಇಂದಿಗೂ ಇಲ್ಲ. ಆದರೆ ಆ ಹುದ್ದೆಯ ಕೆಲಸ ಇದೆ. ಕಲಿಯಲಾರದ ಮಗುವನ್ನು ಗುರುತಿಸಬೇಕು, ಏಕೆ ಎಂದು ಪತ್ತೆ ಮಾಡಬೇಕು, ಅದನ್ನು ಮನೆಯವರಿಗೆ ತಿಳಿಯುವಂತೆ ಹೇಳಬೇಕು, ತರಗತಿಯಲ್ಲಿ ಏನು ಬದಲಾಗಬೇಕು ಎಂದು ಶಿಕ್ಷಕರ ಜೊತೆ ಕೂತು ಯೋಚಿಸಬೇಕು. ಈ ಕೆಲಸದ ಒಂದಷ್ಟು ಪಾಲು ನಮ್ಮಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಮೇಲೆ ಬೀಳುತ್ತದೆ. ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ. ನಡೆಯಲಾಗದ ಮಗುವಿನ ಮನೆಗೆ ಹೋಗಿ ಪಾಠ ಮಾಡುವುದು, ಶ್ರವಣಸಾಧನದ ಶಿಬಿರ ಏರ್ಪಡಿಸುವುದು, ವರದಿ ಬರೆಯುವುದು ಎಲ್ಲ ಅವರದೇ. ಉಳಿದದ್ದು ತರಗತಿಯ ಅಕ್ಕೋರ ಪಾಲು.

ಅಂಥ ಒಬ್ಬ ಸಂಪನ್ಮೂಲ ಶಿಕ್ಷಕರು ಕೆಲಸ ಮಾಡುವುದನ್ನು ಒಂದು ಬೆಳಗಿನ ಹೊತ್ತು ಪೂರ್ತಿ ಕೂತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಹೊನ್ನಾವರದ ಕಡಲಂಚಿನ ಶಾಲೆ. ಮೂರನೆಯ ತರಗತಿಯ ಒಬ್ಬ ಹುಡುಗ, ಮೀನುಗಾರರ ಮನೆಯವನು. ಬುಟ್ಟಿ ಬಂಗಡೆಗೆ ಇಷ್ಟಾದರೆ ಮೂರೂವರೆ ಬುಟ್ಟಿಗೆ ಎಷ್ಟು ಎಂದರೆ ಬಾಯಲ್ಲೇ ಹೇಳುತ್ತಿದ್ದ. ಬೋರ್ಡಿನ ಮೇಲೆ ‘ಕಮಲ’ ಎಂದು ಬರೆದರೆ ‘ಲ’ಕ್ಕೆ ಬರುವ ಹೊತ್ತಿಗೆ ‘ಕ’ ಕೈಬಿಟ್ಟು ಹೋಗುತ್ತಿತ್ತು. ಅವನ ತಾಯಿಯೂ ಅದೇ ಮಾತು ಹೇಳಿದ್ದಳು: “ಅವ್ನಿಗೆ ಓದು ತಲಿಗೆ ಹತ್ತೂದೇ ಇಲ್ಲ ಅಕ್ಕೋರೆ. ಅವ್ನ ಅಪ್ಪಂಗೂ ಹತ್ಲಿಲ್ಲ.”

ಬಂದ ಶಿಕ್ಷಕರು ಪುಸ್ತಕ ತೆಗೆಯಲಿಲ್ಲ. ಮೊದಲು ನನ್ನ ಹಾಜರಿ ಪುಸ್ತಕ ಕೇಳಿದರು. ಹುಡುಗ ತಿಂಗಳುಗಟ್ಟಲೆ ಶಾಲೆಗೆ ಬಂದೇ ಇಲ್ಲವಾದರೆ ಅವನಿಗೆ ಬೇಕಾದ್ದು ಶಾಲೆ, ಪರೀಕ್ಷೆ ಅಲ್ಲ ಎಂದರು. ಇವನು ದಿನಾ ಬರುತ್ತಿದ್ದ. ಆಮೇಲೆ ಕಣ್ಣು, ಕಿವಿ. ಆರ್‌ಬಿಎಸ್‌ಕೆ ತಂಡದ ವೈದ್ಯರು ಶಾಲೆಗೆ ಬಂದಾಗ ಬರೆದಿಟ್ಟ ಕಾರ್ಡು ನೋಡಿದರು. ಅದನ್ನಷ್ಟೇ ನಂಬದೆ, ಹುಡುಗನನ್ನು ಗೋಡೆಯ ಕಡೆ ಮುಖ ಮಾಡಿಸಿ ಹಿಂದಿನಿಂದ ಮೆಲ್ಲಗೆ ಅವನ ಹೆಸರು ಹೇಳಿದರು. ತಿರುಗಿ ನೋಡಿದ. ಕಿವಿ ಚೆನ್ನಾಗಿದೆ. ಆಮೇಲೆ ಅರ್ಧ ಗಂಟೆ ಬರೀ ಮಾತು. ಬೋಟಿನ ಹೆಸರೇನು, ಯಾವ ಮೀನಿಗೆ ಯಾವ ಬಲೆ, ಮಳೆಗಾಲದಲ್ಲಿ ಅಪ್ಪ ಏನು ಮಾಡುತ್ತಾನೆ. ಕನ್ನಡದಲ್ಲಿ ಅರ್ಧ, ಕೊಂಕಣಿಯಲ್ಲಿ ಅರ್ಧ. ಹುಡುಗ ಒಂದಾದ ಮೇಲೆ ಒಂದು ಸರಿಯಾಗಿ ಜೋಡಿಸಿ ಹೇಳಿದ. ಬುದ್ಧಿಗೆ ಏನೂ ಕೊರತೆಯಿಲ್ಲ ಎಂಬುದು ಅಲ್ಲೇ ಗೊತ್ತಾಯಿತು.

ಆಮೇಲೆ ಆಟ. “‘ಬಂಗಡೆ’ ಅನ್ನು. ಈಗ ‘ಬಂ’ ಬಿಟ್ಟು ಹೇಳು.” ಹುಡುಗ ಸುಮ್ಮನಾದ. ಕಿಟಕಿಯಲ್ಲಿ ಇಣುಕುತ್ತಿದ್ದ ಎರಡನೆಯ ತರಗತಿಯ ಮಕ್ಕಳು “ಗಡೆ” ಎಂದು ಕೂಗಿದವು. ‘ಶೆಟ್ಲಿ’ಯಲ್ಲಿ ಕೊನೆಯ ಸದ್ದು ಯಾವುದು? ‘ಮನೆ’ಗೂ ‘ಕೊನೆ’ಗೂ ಒಂದೇ ಥರ ಕೇಳಿಸುವುದು ಯಾವುದು? ದಿನವಿಡೀ ಅರಳು ಹುರಿದಂತೆ ಮಾತಾಡುವ ಹುಡುಗ ಪದವನ್ನು ಒಡೆ ಎಂದಾಗ ನಿಂತುಬಿಡುತ್ತಿದ್ದ. ಕೊನೆಗೆ ಗಡಿಯಾರ ಇಟ್ಟುಕೊಂಡು ಒಂದು ಪುಟ್ಟ ಪಾಠ ಓದಿಸಿದರು. ಎಷ್ಟು ತಪ್ಪು ಎಂಬುದರ ಜೊತೆ ಎಷ್ಟು ಹೊತ್ತು ಎಂಬುದನ್ನೂ ಬರೆದುಕೊಂಡರು. ಎಲ್ಲ ಮುಗಿದ ಮೇಲೆ, “ಓದು ಅಂದಾಗ ನಿಂಗೆ ಎಂತ ಆಗ್ತದೆ?” ಎಂದು ಕೇಳಿದರು. ಹುಡುಗ, “ಹೊಟ್ಟೆ ನೋವು ಬತ್ತದೆ” ಎಂದ. ಕನ್ನಡ ಪಿರಿಯಡ್ಡಿನಲ್ಲಿ ಅವನು ನೀರು ಕುಡಿಯಲು, ಹೊರಗೆ ಹೋಗಲು ಕೇಳುತ್ತಿದ್ದುದಕ್ಕೆ ಕಾರಣ ಸಿಕ್ಕಿತು.

“ನಾನು ಇದಕ್ಕೆ ಹೆಸರು ಇಡುವ ಹಾಗಿಲ್ಲ ಅಕ್ಕೋರೆ. ಅದು ಮನೋವಿಜ್ಞಾನಿಗಳ ಕೆಲಸ. ಆದ್ರೆ ಇವ ಸೋಂಬೇರಿ ಅಲ್ಲ, ದಡ್ಡನೂ ಅಲ್ಲ. ಇಷ್ಟು ಗ್ಯಾರಂಟಿ ಹೇಳ್ತೆ” ಎಂದರು ಅವರು. ಶೈಕ್ಷಣಿಕ ಮನೋವಿಜ್ಞಾನ ಮಗುವಿಗೆ ಕೊಡುವ ಮೊದಲ ನೆರವು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಈ ವಾಕ್ಯವನ್ನೇ ಹೇಳುತ್ತೇನೆ. ಔಷಧವಾಗಲಿ ತರಬೇತಿಯಾಗಲಿ ಆಮೇಲಿನದು. ‘ಇವನು ಏಕೆ ಓದುವುದಿಲ್ಲ’ ಎಂದು ಕೇಳುತ್ತಿದ್ದ ದೊಡ್ಡವರು ಅಂದಿನಿಂದ ‘ಇವನಿಗೆ ಓದಿನ ಯಾವ ಮೆಟ್ಟಿಲು ಹತ್ತಲಾಗುತ್ತಿಲ್ಲ’ ಎಂದು ಕೇಳತೊಡಗುತ್ತಾರೆ. ಬೆತ್ತ ಆ ಎರಡನೆಯ ಪ್ರಶ್ನೆಗೆ ಉತ್ತರವಾಗಲಾರದು.

ಆ ಮೆಟ್ಟಿಲುಗಳು ಕನ್ನಡದಲ್ಲಿ ಹೇಗಿವೆ ಎಂದು ನಾವು ಯೋಚಿಸುವುದು ಕಡಿಮೆ. ಡಿಸ್ಲೆಕ್ಸಿಯಾ ಎಂದರೆ 2007ರ ‘ತಾರೆ ಜಮೀನ್ ಪರ್’ ಚಿತ್ರದ ಹುಡುಗ, ಅವನ ಕಣ್ಣೆದುರು ಕುಣಿಯುವ ಇಂಗ್ಲಿಷ್ ಅಕ್ಷರಗಳು ಎಂಬಷ್ಟೇ ನಮ್ಮ ಕಲ್ಪನೆ. ಇಂಗ್ಲಿಷಿನಲ್ಲಿ ಬರೆದದ್ದೊಂದು, ಓದುವುದೊಂದು. ಕನ್ನಡ ಹಾಗಲ್ಲ, ಬರೆದ ಹಾಗೆಯೇ ಓದು, ಆದ್ದರಿಂದ ಕನ್ನಡದ ಮಕ್ಕಳಿಗೆ ಈ ತೊಂದರೆ ಬರಲಾರದು ಎಂದು ವಾದಿಸುವ ಶಿಕ್ಷಕರನ್ನು ನಾನು ಕಂಡಿದ್ದೇನೆ. ಆದರೆ ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ನಾನೂರಕ್ಕೂ ಹೆಚ್ಚು ರೂಪಗಳು. ಅದರ ಮೇಲೆ ಒತ್ತಕ್ಷರ. ‘ಮ’ ಮತ್ತು ‘ವು’, ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ಗಳ ನಡುವೆ ಒಂದು ಗೆರೆ, ಒಂದು ಬಾಲದಷ್ಟೇ ವ್ಯತ್ಯಾಸ. ‘ಸೂರ್ಯ’ ಎಂಬಲ್ಲಿ ನಾಲಗೆಗೆ ರಕಾರ ಮೊದಲು ಬರುತ್ತದೆ, ಕಣ್ಣಿಗೆ ಅರ್ಕಾವತ್ತು ಕೊನೆಗೆ ಸಿಗುತ್ತದೆ. ನಮಗೆ ಇದು ಅಭ್ಯಾಸದಿಂದ ಮರೆತುಹೋಗಿದೆ.

ಬೆಂಗಳೂರಿನ ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳನ್ನು ಅಭ್ಯಾಸ ಮಾಡಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಕ್ಷರಗಳ ಮೇಲೆ ಹಿಡಿತ ಬರುವುದು ಒಂದು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ ಎಂಬುದು ಅದರ ಒಂದು ಮುಖ್ಯ ತಿಳಿವಳಿಕೆ. ಅಂದರೆ ಎರಡನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪುವ ಮಗುವನ್ನು ಕಂಡು ಗಾಬರಿಯಾಗಬೇಕಿಲ್ಲ. ಓರಗೆಯವರೆಲ್ಲ ಕಾಗುಣಿತ ದಾಟಿದ ಮೇಲೂ ಮೂಲಾಕ್ಷರದಲ್ಲೇ ನಿಂತ ಮಗುವನ್ನು ಕಂಡು ಸುಮ್ಮನಿರಬಾರದು. ಇನ್ನೊಂದು ಸಂಗತಿ: ಬರೆದಂತೆ ಓದುವ ಭಾಷೆಗಳಲ್ಲಿ ಈ ತೊಂದರೆ ಇರುವ ಮಕ್ಕಳು ತಪ್ಪು ಓದುವುದಕ್ಕಿಂತ ತುಂಬ ನಿಧಾನ ಓದುತ್ತಾರೆ. ಸರಿಯಾಗಿಯೇ ಓದಿ ಮುಗಿಸುತ್ತಾರೆ, ಆದರೆ ಅಷ್ಟು ಹೊತ್ತಿಗೆ ಗಂಟೆ ಹೊಡೆದಿರುತ್ತದೆ. ನಮ್ಮ ಪರೀಕ್ಷೆಗಳು ಅವರನ್ನು ‘ಉತ್ತರ ಬರೆದಿಲ್ಲ’ ಎಂದು ಲೆಕ್ಕ ಹಾಕುತ್ತವೆ. ಗಡಿಯಾರ ಹಿಡಿದು ಓದಿಸಿದ್ದು ಅದಕ್ಕೇ.

ನಮ್ಮ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ಗೊಂದಲ ಮನೆಮಾತಿನದು. ಒಂದೇ ತರಗತಿಯಲ್ಲಿ ಕೊಂಕಣಿಯ ಮಗು, ಹಾಲಕ್ಕಿ ಕನ್ನಡದ ಮಗು, ಹವ್ಯಕ ಕನ್ನಡದ ಮಗು ಇರುತ್ತವೆ. ಭಟ್ಕಳಕ್ಕೆ ಬಂದರೆ ಮನೆಯಲ್ಲಿ ನವಾಯತಿ, ಮದ್ರಸಾದಲ್ಲಿ ಅರಬ್ಬಿ, ಶಾಲೆಯಲ್ಲಿ ಉರ್ದು ಅಥವಾ ಇಂಗ್ಲಿಷ್, ಬಸ್ಸಿನ ಬೋರ್ಡಿನ ಮೇಲೆ ಕನ್ನಡ. ಎಡದಿಂದ ಬಲಕ್ಕೆ ಒಂದು ಲಿಪಿ, ಬಲದಿಂದ ಎಡಕ್ಕೆ ಇನ್ನೊಂದು. ಅಂಥ ಮಗು ಕನ್ನಡದಲ್ಲಿ ತಡವರಿಸಿದರೆ ಅದು ನ್ಯೂನತೆಯೋ, ಕೇಳದ ಭಾಷೆಯೋ? ಎರಡೂ ಕಡೆ ತಪ್ಪಾಗುತ್ತದೆ. ಮನೆಮಾತು ಬೇರೆ ಎಂಬ ಕಾರಣಕ್ಕೆ ಚೂಟಿ ಮಗುವನ್ನು ‘ವಿಶೇಷ ಅಗತ್ಯ’ದ ಪಟ್ಟಿಗೆ ಸೇರಿಸಿದ್ದುಂಟು. ‘ಮನೆಯಲ್ಲಿ ಕನ್ನಡ ಇಲ್ಲವಲ್ಲ, ನಿಧಾನಕ್ಕೆ ಬರುತ್ತದೆ’ ಎಂದು ನಿಜವಾದ ತೊಂದರೆಯನ್ನು ಏಳನೆಯವರೆಗೆ ಮುಂದೂಡಿದ್ದೂ ಉಂಟು. ಬೇರ್ಪಡಿಸುವ ದಾರಿ ಆ ಬಂಗಡೆಯ ಆಟದಲ್ಲೇ ಇದೆ. ಮಗುವಿನ ಮನೆಮಾತಿನ ಪದವನ್ನೇ ಒಡೆಯಲು ಹೇಳಬೇಕು. ಅಲ್ಲಿ ಸಲೀಸಾಗಿ ಒಡೆದು ಕನ್ನಡದಲ್ಲಿ ಮಾತ್ರ ನಿಂತರೆ ಅದಕ್ಕೆ ಬೇಕಾದ್ದು ಕನ್ನಡದ ಮಾತು, ಕಥೆ, ಗೆಳೆಯರು. ಮನೆಮಾತಿನಲ್ಲೂ ಒಡೆಯಲಾಗದಿದ್ದರೆ ಇನ್ನಷ್ಟು ನೋಡಬೇಕು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷಾ ಸಾಮಗ್ರಿ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇದೆ. ನವಾಯತಿಗೆ ಅಂಥದ್ದನ್ನು ಯಾರು ಮಾಡುತ್ತಾರೆ? ಆ ಮಾತು ಬಲ್ಲ ಶಿಕ್ಷಕಿಯೊಬ್ಬರು ಪಕ್ಕದಲ್ಲಿ ಕೂರುವುದೇ ಸದ್ಯದ ಉಪಾಯ.

ಅಳೆಯುವ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಹಳೆಯ ಚರಿತ್ರೆಯೇ ಇದೆ. ಪ್ಯಾರಿಸ್ಸಿನಲ್ಲಿ 1905ರಲ್ಲಿ ಆಲ್ಫ್ರೆಡ್ ಬಿನೆ ಬುದ್ಧಿ ಪರೀಕ್ಷೆ ರೂಪಿಸಿದ್ದು ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಯಾವ ಸಹಾಯ ಬೇಕು ಎಂದು ತಿಳಿಯಲು. ಆ ಬಗೆಯ ಪರೀಕ್ಷೆಯನ್ನು 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದವರು ಧಾರವಾಡದ ವಿ. ವಿ. ಕಾಮತ್. ಆಗ ನಮ್ಮ ಜಿಲ್ಲೆಯೂ ಧಾರವಾಡವೂ ಮುಂಬಯಿ ಪ್ರಾಂತ್ಯದಲ್ಲಿದ್ದವು. 1940ರಲ್ಲಿ ಅವರ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ಆಮೇಲೆ ದೇಶದ ಎಷ್ಟೋ ಆಸ್ಪತ್ರೆಗಳಿಗೆ ಹೋಯಿತು. ಸಹಾಯಕ್ಕಾಗಿ ಹುಟ್ಟಿದ ಅಂಕಿ ಹಣೆಗೆ ಅಂಟಿಸುವ ಚೀಟಿಯಾಗಿದ್ದೂ ಇದೇ ಅವಧಿಯಲ್ಲಿ. ಹಾಗಾಗಿ ಒಂದೇ ಒಂದು ಸಂಖ್ಯೆ ಬರೆದು ಕಳಿಸಿದ ವರದಿ ಕಂಡರೆ ನನಗೆ ಸಮಾಧಾನವಿಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ತರಗತಿಯಲ್ಲಿ ನಾನು ಏನು ಮಾಡಲಿ ಎಂಬುದು ಆ ವರದಿಯಲ್ಲಿರಬೇಕು.

ಆ ಹುಡುಗನ ವಿಷಯದಲ್ಲಿ ಏನು ಮಾಡಿದೆವು ಎಂದರೆ ದೊಡ್ಡದೇನಿಲ್ಲ. ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸುವುದನ್ನು ಬಿಟ್ಟೆವು. ದಿನಕ್ಕೆ ಹದಿನೈದು ನಿಮಿಷ, ಊಟದ ಗಂಟೆಗೆ ಮೊದಲು, ಅವನೊಬ್ಬನೇ ನನ್ನ ಜೊತೆ. ವಾರಕ್ಕೆ ಎರಡೇ ಅಕ್ಷರ, ಆದರೆ ನೋಡಲು ಒಂದೇ ಥರ ಇರುವ ಎರಡನ್ನು ಒಟ್ಟಿಗೆ ಕೊಡುವುದಿಲ್ಲ. ‘ಮ’ ಪೂರ್ತಿ ಕೂತ ಮೇಲೇ ‘ವು’. ತಟ್ಟೆಯಲ್ಲಿ ಮರಳು ಹರವಿ ಬೆರಳಲ್ಲಿ ಬರೆಯುವುದು, ಬರೆಯುವಾಗ ಸದ್ದು ಬಾಯಲ್ಲಿ ಹೇಳುವುದು. ಮರಳಿಗೆ ನಮ್ಮಲ್ಲಿ ಬರವಿಲ್ಲ. ಪದ ಒಡೆಯುವ ಆಟ ಇಡೀ ತರಗತಿಗೆ, ಅವನಿಗೊಬ್ಬನಿಗೇ ಎಂದು ಕಾಣದ ಹಾಗೆ. ಪರಿಸರ ಅಧ್ಯಯನದ ಪ್ರಶ್ನೆಗಳನ್ನು ನಾನೇ ಓದಿ ಹೇಳುವುದು, ಉತ್ತರ ಅವನ ಬಾಯಿಂದ. 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಶುರುವಾದ ನಲಿ-ಕಲಿಯ ಒಂದು ಒಳ್ಳೆಯ ಗುಣವೆಂದರೆ ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ತಾನಿರಬಹುದು. ಆದರೆ ಅದು ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಟ. ಮಗು ಬೀಳುವುದು ಅಲ್ಲಿ. ಆದ್ದರಿಂದ ನಾಲ್ಕನೆಯ ತರಗತಿಯ ಮಾಸ್ತರರಿಗೆ ಒಂದು ಪುಟದ ಟಿಪ್ಪಣಿ ಬರೆದುಕೊಟ್ಟೆವು. ಹುಡುಗ ಆರನೆಯ ತರಗತಿಗೆ ಹೋಗುವ ಹೊತ್ತಿಗೆ ಓದುತ್ತಿದ್ದ. ನಿಧಾನವಾಗಿ, ಬೆರಳಿಟ್ಟು, ಉಸಿರು ಬಿಗಿಹಿಡಿದು. ಹೊಟ್ಟೆನೋವು ನಿಂತಿತ್ತು.

ಇದನ್ನು ಹೇಳಿದರೆ ಕೆಲವರು, “ಓದು ಬಾರದಿದ್ದರೇನು, ಯಕ್ಷಗಾನದಲ್ಲಿ ನೋಡಿ” ಎನ್ನುತ್ತಾರೆ. ನಿಜ. ಗುಣವಂತೆಯ ಕೆರೆಮನೆ ಮೇಳದ ಊರು ಇದು. ಪದ್ಯ ಕಿವಿಯಲ್ಲೇ ಕಲಿತು ರಾತ್ರಿಯಿಡೀ ಅರ್ಥ ಹೇಳುವವರನ್ನು ನೋಡಿ ಬೆಳೆದವರು ನಾವು. ಪ್ರಸಂಗದ ಮಾತುಗಳನ್ನು ಒಂದೂ ತಪ್ಪದೆ ಒಪ್ಪಿಸುವ, ಆದರೆ ಪಾಠದ ಸಾಲು ಓದಲಾಗದ ಮಕ್ಕಳು ನನ್ನ ತರಗತಿಯಲ್ಲೂ ಇದ್ದರು. ಅವರ ಆ ಶಕ್ತಿಯನ್ನು ಬಳಸಿಕೊಳ್ಳಬೇಕು. ಅದೇ ನೆಪದಲ್ಲಿ ಓದಿನಿಂದ ಬಿಡುಗಡೆ ಕೊಡಬಾರದು. ಬ್ಯಾಂಕಿನ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಯಕ್ಷಗಾನ ಕಾಯುವುದಿಲ್ಲ.

ಹುಡುಗರು ಹೇಗೋ ಕಣ್ಣಿಗೆ ಬೀಳುತ್ತಾರೆ, ಗಲಾಟೆ ಮಾಡಿಯಾದರೂ. ಹುಡುಗಿಯರು ಅಡಗಿಕೊಳ್ಳುತ್ತಾರೆ. ಭಟ್ಕಳದ ಕಡೆ, ಎಂಟನೆಯವರೆಗೆ ಇದ್ದ ಶಾಲೆಯೊಂದರಲ್ಲಿ ನನಗೆ ಸಿಕ್ಕ ಹುಡುಗಿಯ ಅಕ್ಷರ ಮುತ್ತು ಪೋಣಿಸಿದಂತಿತ್ತು. ಬೋರ್ಡಿನ ಮೇಲಿದ್ದುದನ್ನು ಒಂದು ಒತ್ತೂ ತಪ್ಪದೆ ಇಳಿಸಿಕೊಳ್ಳುತ್ತಿದ್ದಳು. ನೋಟ್ಸು ನೋಡಿದ ಪ್ರತಿಯೊಬ್ಬರೂ ‘ಗುಡ್’ ಹಾಕಿದ್ದರು. ತಾನು ಬರೆದ ಸಾಲನ್ನು ಅವಳು ಓದಲಾರಳು ಎಂಬುದು ಏಳು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಅವಳು ಅಕ್ಷರಗಳನ್ನು ರಂಗೋಲಿಯಂತೆ ಬಿಡಿಸುತ್ತಿದ್ದಳು.

ಅವಳಿಗೆ ಎದುರಿದ್ದುದು ಎಸ್ಸೆಸ್ಸೆಲ್ಸಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯ್ದೆ 21 ಬಗೆಗಳಲ್ಲಿ ಅದನ್ನೂ ಸೇರಿಸಿತು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಬೇಕು, ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಕೊಡಬೇಕು ಎಂದು ಅದು ಹೇಳುತ್ತದೆ. 2018ರ ಜನವರಿಯಲ್ಲಿ ಬಂದ ಮಾರ್ಗಸೂಚಿ ಮೂರನೆಯ ತರಗತಿ ಅಥವಾ ಎಂಟು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಆಗ ಶಿಕ್ಷಕರೇ ತಪಾಸಣೆ ಮಾಡಬೇಕೆಂದಿತು. ಪ್ರಮಾಣಪತ್ರ ಎಂಟರ ನಂತರ. ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಮತ್ತೆ ಪರೀಕ್ಷೆ. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಮಕ್ಕಳ ವೈದ್ಯರು, ಮನೋವಿಜ್ಞಾನಿ, ವಿಶೇಷ ಶಿಕ್ಷಕರು ಒಟ್ಟಿಗೆ ನೋಡಬೇಕು. ಭಟ್ಕಳದಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. ಅದಕ್ಕಿಂತ ಮಣಿಪಾಲವೇ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ರಾತ್ರಿ ಬಸ್ಸಿನ ದೂರ. ಆಟೋ ಓಡಿಸುವ ಅಪ್ಪನಿಗೆ ಒಂದು ಸಲ ಹೋಗಿಬಂದರೆ ಎರಡು ದಿನದ ದುಡಿಮೆ ಹೋಗುತ್ತದೆ. ಹೋಗಬೇಕಾದದ್ದು ಮೂರು ಸಲ.

ದುಡ್ಡಿಗಿಂತ ದೊಡ್ಡ ಹೆದರಿಕೆ ಅವಳ ತಾಯಿಯದು. “ಈ ಕಾಗದ ತಕಂಡ್ರೆ ನಾಳೆ ಮದ್ವೆಗೆ ಯಾರ್ ಕೇಳ್ತ್ರು ಅಕ್ಕೋರೆ?” ಈ ಪ್ರಶ್ನೆಯನ್ನು ನಗಾಡಿ ತಳ್ಳಿಹಾಕುವಂತಿಲ್ಲ. ಆ ಊರಿನಲ್ಲಿ ಅದು ನಿಜವಾದ ಪ್ರಶ್ನೆ. ಕಾಗದ ಮನೆಯ ಟ್ರಂಕಿನಲ್ಲೇ ಇರುತ್ತದೆ, ಪರೀಕ್ಷೆಗೆ ಬೇಕಾದಾಗ ಶಾಲೆಗೆ ಕೊಟ್ಟರೆ ಸಾಕು, ಹತ್ತನೆಯದು ಪಾಸಾಗದ ಹುಡುಗಿ ಎಂಬ ಮಾತೂ ಮದುವೆಗೆ ಬರುತ್ತದಲ್ಲ ಎಂದು ಜಗಲಿಯ ಮೇಲೆ ಕೂತು ನಾಲ್ಕು ಸಂಜೆ ಮಾತಾಡಬೇಕಾಯಿತು. ಹುಡುಗಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ನಾಲ್ಕನೆಯ ಸಂಜೆ ಹೊರಗೆ ಬಂದು, “ನಾ ಹೋಗ್ತೆ” ಎಂದವಳು ಅವಳೇ. ಒಂಬತ್ತನೆಯ ತರಗತಿ ಮುಗಿಯುವುದರೊಳಗೆ ಕಾಗದ ಬಂತು. ಹತ್ತನೆಯದರಲ್ಲಿ ಹೆಚ್ಚುವರಿ ಸಮಯ ಸಿಕ್ಕಿತು, ಪಾಸಾದಳು. ಹತ್ತನೆಯ ತರಗತಿಯ ನೋಂದಣಿಯ ಹೊತ್ತಿಗೆ ಎಚ್ಚರಾಗಿದ್ದರೆ ತಡವಾಗಿಬಿಡುತ್ತಿತ್ತು.

ನಾನು ಕೇಳುವುದು ಹೆಚ್ಚೇನಲ್ಲ. ತಾಲ್ಲೂಕಿಗೆ ಒಬ್ಬ ಮನೋವಿಜ್ಞಾನಿ, ಸಂಪನ್ಮೂಲ ಕೇಂದ್ರದಲ್ಲೇ ಕೂರುವಂತೆ. ವರ್ಷಕ್ಕೆರಡು ಸಲ ಪ್ರಮಾಣಪತ್ರದ ತಂಡವೇ ತಾಲ್ಲೂಕಿಗೆ ಬರುವಂತೆ, ಶ್ರವಣಸಾಧನದ ಶಿಬಿರಕ್ಕೆ ಬರುವ ಹಾಗೆ. ನಮ್ಮ ಜಿಲ್ಲೆಯ ಡಯಟ್ ಕುಮಟೆಯಲ್ಲೇ ಇದೆ. ಪ್ರತಿ ಶಾಲೆಯ ಒಬ್ಬ ಅಕ್ಕೋರಿಗೆ, ಒಬ್ಬ ಮಾಸ್ತರರಿಗೆ ಮೂರು ದಿನ ಅಲ್ಲಿ ಈ ತಪಾಸಣೆ ಕಲಿಸಿದರೆ ಎಷ್ಟೋ ಮಕ್ಕಳು ಎಂಟು ವರ್ಷಕ್ಕೇ ಕಣ್ಣಿಗೆ ಬೀಳುತ್ತಾರೆ.

ಅದೆಲ್ಲ ಆಗುವವರೆಗೂ ಸುಮ್ಮನೆ ಕೂರಬೇಕಿಲ್ಲ. ಈ ಲೇಖನ ಓದುವ ಶಿಕ್ಷಕರಿದ್ದರೆ, ಜೂನ್ ತಿಂಗಳ ಮೊದಲ ಮಳೆ ಕಳೆದು ಮಕ್ಕಳು ಒಂದು ಹದಕ್ಕೆ ಬಂದ ಮೇಲೆ ಮೂರನೆಯ ತರಗತಿಯ ಪ್ರತಿ ಮಗುವನ್ನೂ ಐದು ನಿಮಿಷ ಪಕ್ಕಕ್ಕೆ ಕರೆಯಿರಿ. ಮೊದಲು ಮಾತಾಡಿಸಿ, ಅದರ ಮನೆಮಾತಿನಲ್ಲಾದರೂ ಸರಿ. ಒಂದು ಪದ ಒಡೆಯಲು ಹೇಳಿ. ಒಂದು ಸಾಲು ಓದಿಸಿ, ಎಷ್ಟು ಹೊತ್ತಾಯಿತು ಬರೆದಿಡಿ. ಓದಲು ಹೇಳಿದಾಗ ಏನಾಗುತ್ತದೆ ಎಂದೂ ಕೇಳಿ. ಇಷ್ಟು ಮಾಡಿದ ಮೇಲೆ, ಇನ್ನೂ ನೋಡಬೇಕು ಎನಿಸಿದ ಮಕ್ಕಳ ಹೆಸರನ್ನು ಮುಖ್ಯಾಧ್ಯಾಪಕರಿಗೆ ಬರವಣಿಗೆಯಲ್ಲಿ ಕೊಡಿ, ತಾರೀಖು ಹಾಕಿ, ಸಹಿ ಮಾಡಿ.